ಕ್ಷುದ್ರಗ್ರಹದ ಸೋದರತ್ತೆ

ಗೋಕಾಕದ ನಮ್ಮ ಮನೆಯಲ್ಲಿ ಒಂದು ಹಿತ್ತಾಳೆಯ ತಂಬಿಗೆಯಿದೆ. ಅದರ ಕಂಠದ ಮೇಲೆ ಚುಕ್ಕೆಚುಕ್ಕೆಯಾಗಿ 'ಬಾಳವ್ವ' ಎಂದು ಹೆಸರು ಕೊರೆದಿದೆ. ನಮ್ಮ ವಂಶವೃಕ್ಷವನ್ನು ಎಷ್ಟು ಅಲ್ಲಾಡಿಸಿದರೂ ಒಬ್ಬ ಬಾಳವ್ವ ಉದುರದ ಕಾರಣ, ಯಾವುದೋ ಮದುವೆಯ ಗದ್ದಲದಲ್ಲಿ ಅದಲುಬದಲಾಗಿ ಬಂದದ್ದೆಂದು ನಾನು ತೀರ್ಮಾನಿಸಿದ್ದೆ. ನನ್ನ ಹೆಂಡತಿಯಂತೂ ಮೂವತ್ತು ವರ್ಷಗಳಿಂದ ಪ್ರತಿ ಮದುವೆಯಲ್ಲೂ ಅದರ ವಾರಸುದಾರಳನ್ನು ವಿಚಾರಿಸುತ್ತಿದ್ದಳು. ಅಕ್ಷತೆ ಹಾಕುವುದು ಅವಳಿಗೆ ಎರಡನೆಯ ಕೆಲಸ.

ತಂಬಿಗೆಯ ವಿಷಯ ಹಾಗಿರಲಿ. ಮೂಡಲಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ನಾನು, ಇಂಟರ್‌ನೆಟ್ಟಿನಲ್ಲಿ ಬರುವ ಆಕಾಶದ ಚಿತ್ರಗಳಲ್ಲಿ ಚಲಿಸುವ ಚುಕ್ಕೆಗಳನ್ನು ಹುಡುಕುವ ಹವ್ಯಾಸ ಬೆಳೆಸಿಕೊಂಡೆ. ಸ್ವಂತ ಕನ್ನಡಕ ಸಿಗದವನಿಗೆ, ಮಂಗಳ-ಗುರುಗಳ ನಡುವಿನ ಪಟ್ಟಿಯ ಹೊರ ಅಂಚಿನಲ್ಲಿ ಒಂದು ಕ್ಷುದ್ರಗ್ರಹ ಸಿಕ್ಕಿತು. ಬಲ್ಲವರು ಹಲವು ವರ್ಷ ಅದರ ಕಕ್ಷೆಯನ್ನು ಪರೀಕ್ಷಿಸಿ, ಸಂಖ್ಯೆ ಕೊಟ್ಟು, ಹೆಸರು ಸೂಚಿಸುವ ಹಕ್ಕು ನಿಮ್ಮದೆಂದು ಪತ್ರ ಬರೆದರು. ನಿಬಂಧನೆಗಳೂ ಇದ್ದವು: ರಾಜಕಾರಣಿಯಾದರೆ ಸತ್ತು ನೂರು ವರ್ಷವಾಗಿರಬೇಕು, ವ್ಯಾಪಾರದ ಸರಕಿನ ಹೆಸರು ಕೂಡದು, ಒಮ್ಮೆ ಇಟ್ಟ ಹೆಸರನ್ನು ಮತ್ತೊಂದಕ್ಕೆ ಇಡುವಂತಿಲ್ಲ. ಮೂಡಲಗಿಯ ಮಿತ್ರರ ಸೂಚನೆಗಳೆಲ್ಲ ಮೊದಲನೆಯದಕ್ಕೂ, ಗೋಕಾಕದವರ ಕರದಂಟು ಎರಡನೆಯದಕ್ಕೂ ಬಲಿಯಾದವು.

ಆದರೆ ಪತ್ರ ಬರೆದವರಿಗೆ ತಿಳಿಯದ ನಿಬಂಧನೆಯೊಂದು ನಮ್ಮಲ್ಲಿದೆ, ನಿಮಗೂ ಗೊತ್ತಿರುತ್ತದೆ: ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಕಂಡುಹಿಡಿದವನು ತಂದೆಯೆಂದಾದರೆ ಅತ್ತೆ ಯಾರೆಂಬುದರಲ್ಲಿ ಸಂಶಯವಿಲ್ಲ. ಹುಕ್ಕೇರಿಯಿಂದ ನನ್ನ ಅಕ್ಕ ಸುವರ್ಣಾ ಇಳಕಲ್ ಸೀರೆಯುಟ್ಟು ಬಂದಿಳಿದಳು. ನಾನು ತೊಟ್ಟಿಲಲ್ಲಿದ್ದಾಗಲೇ ಮದುವೆಯಾಗಿ ಹೋದವಳು, ನನ್ನ ಮಕ್ಕಳಿಗೆಲ್ಲ ಹೆಸರಿಟ್ಟವಳು. ಲ್ಯಾಪ್‌ಟಾಪಿನಲ್ಲಿ ಚುಕ್ಕೆಯನ್ನು ತೋರಿಸಿದೆ. ಇದರ ಕಿವಿ ಎಲ್ಲಿದೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಚಾರ್ಜರಿನ ರಂಧ್ರವನ್ನೇ ಆರಿಸಿಕೊಂಡು, ಬಾಗಿ, ಪದ್ಧತಿಯಂತೆ 'ಕುರ್ರ್' ಎಂದಳು. ಪದ್ಧತಿಯಂತೆಯೇ ನನ್ನ ಹೆಂಡತಿ ಅವಳ ಬೆನ್ನಿಗೆ ಗುದ್ದಿದಳು. ಹೆಸರು ಮಾತ್ರ ಹೊರಡಲಿಲ್ಲ.

"ಒಂದ ಹೆಸರಿನವು ಎರಡು ಇರಾಕ ಬರೂದಿಲ್ಲ ಅಂದ್ಯಲ್ಲ," ಎಂದಳು ಅಕ್ಕ. "ಅಲ್ಲೆ ಬಾಳವ್ವ ಅನ್ನಾಕಿ ಯಾರರ ಅದಾಳೇನು?"

ಇಟ್ಟ ಹೆಸರುಗಳ ಯಾದಿ ನೋಡಿ, ಇಲ್ಲವೆಂದೆ.

"ಹಂಗಾರ ಬಾಳವ್ವ ಅಂತ ಇಡು. ಅದು ನನ್ನ ಹೆಸರು. ನಮ್ಮತ್ತಿ ಹೆಸರೂ ಅದ ಇತ್ತು. ಒಂದ ಮನ್ಯಾಗ ಇಬ್ಬರು ಬ್ಯಾಡಂತ ಲಗ್ನದ ದಿನಾನ ನಂದು ತಗದು ಸುವರ್ಣಾ ಅಂತ ಇಟ್ರು."

ತವರಿನಲ್ಲಿ ಎಲ್ಲರ ಬಾಯಲ್ಲೂ ಅವಳು ಅಕ್ಕವ್ವ. ಅದಕ್ಕೂ ಮೊದಲು ಅವಳಿಗೊಂದು ಹೆಸರಿತ್ತೇ ಎಂದು ಅರುವತ್ತು ವರ್ಷ ನಾನು ಕೇಳಿರಲಿಲ್ಲ. ಕೋಟಿಗಟ್ಟಲೆ ಮೈಲಿ ದೂರದ ಚುಕ್ಕೆ ಬಿದ್ದ ಈ ಕಣ್ಣಿಗೆ, ಅವಳು ಬಂದಾಗಲೆಲ್ಲ ಅದೇ ತಂಬಿಗೆಯಲ್ಲಿ ನೀರು ಕೇಳುತ್ತಿದ್ದುದು ಬಿದ್ದಿರಲಿಲ್ಲ. ನನಗೆ ಖಂಡಿತ ನಾಚಿಕೆಯಾಯಿತು.

ಅಕ್ಕ ಹೊರಡುವಾಗ ಹೆಂಡತಿ ತಂಬಿಗೆಯನ್ನು ಬೆಳಗಿ ಅವಳ ಚೀಲದಲ್ಲಿಟ್ಟಳು. ಅಕ್ಕ ಅದನ್ನು ತೆಗೆದು ಹೊರಗಿಟ್ಟಳು.

"ಇದು ಇಲ್ಲೇ ಇರಲಿ ಬಿಡವ್ವಾ. ಹುಕ್ಕೇರ್ಯಾಗ ನಮ್ಮತ್ತಿ ಬಾಳವ್ವಂದು ಒಂದು ಐತಿ."

ಹೆಸರು ಅಂಗೀಕಾರವಾಗಿದೆ. ನನ್ನ ಹೆಂಡತಿ ಈಗ ಮದುವೆಗೆ ಹೋದರೆ ಅಕ್ಷತೆಯನ್ನಷ್ಟೇ ಹಾಕಿ ಬರುತ್ತಾಳೆ. ನೀರು ಕುಡಿದವರು ತಂಬಿಗೆಯನ್ನು ತಿರುಗಿಸಿ ಇದು ಯಾರದೆಂದು ಕೇಳಿದರೆ, ನಮ್ಮ ಮನೆಯ ಬಾಳವ್ವನದು, ಅವಳನ್ನು ಹುಕ್ಕೇರಿಗೆ ಕೊಟ್ಟಿದ್ದೇವೆ ಎನ್ನುತ್ತೇನೆ.