ಅಕ್ಕೋರ ಬೈಗಳದ ಕಂಪ್ಯೂಟರು

ಅಕ್ಕೋರು ಟೈಪ್ ಮಾಡುವಾಗ ಬಲಗೈಯ ತೋರುಬೆರಳೊಂದೇ ದುಡಿಯುತ್ತಿತ್ತು. ಮೊದಲ ಗೆಣ್ಣಿನಲ್ಲಿ ತುಸು ಎಡಕ್ಕೆ ಬಾಗಿದ ಆ ಬೆರಳನ್ನು ಕಿವಿಯ ಮಟ್ಟಕ್ಕೆ ಎತ್ತಿ, ಅಕ್ಷರ ಎಲ್ಲಿದೆಯೆಂದು ಹುಡುಕಿ, ಸಿಕ್ಕೊಡನೆ ಕೋಳಿ ಜೋಳದ ಕಾಳಿಗೆ ಕೊಕ್ಕು ಹಾಕಿದ ಹಾಗೆ ಕುಕ್ಕುತ್ತಿದ್ದರು. ಉಳಿದ ಬೆರಳುಗಳು ಸೀಮೆಸುಣ್ಣ ಹಿಡಿದಂತೆ ಮಡಿಚಿಕೊಂಡೇ ಇರುತ್ತಿದ್ದವು. ಮೂಗಿನ ಮೇಲೊಂದು ಕನ್ನಡಕ, ಹಣೆಯ ಮೇಲೊಂದು, ತುರುಬಿನಲ್ಲಿ ಬಾಲ್ ಪೆನ್ನು. ಮಹಡಿಯ ನನ್ನ ಕೋಣೆಗೂ ಆ ಕುಕ್ಕುವ ಸದ್ದು ಕೇಳುತ್ತಿತ್ತು. ಅದು ತಟ್ಟನೆ ನಿಂತರೆ ಕರೆಂಟು ಹೋಯಿತೆಂದು ತಿಳಿಯುತ್ತಿತ್ತು.

ನಾನು ತುಮಕೂರು ಕಡೆಯವಳು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಧಾರವಾಡದ ಕಾಲೇಜೊಂದಕ್ಕೆ ರಸಾಯನಶಾಸ್ತ್ರ ಕಲಿಸಲು ಬಂದು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಅವರು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಮದುವೆ ಮಾಡಿಕೊಂಡಿರಲಿಲ್ಲ. ಆ ಸೀಮೆಯಲ್ಲಿ ಸಾಲಿ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುತ್ತಾರೆ. ಓಣಿಯವರಿಗೆ, ಹಾಲಿನವನಿಗೆ, ಪೋಸ್ಟಿನವನಿಗೆ, ಕೊನೆಗೆ ನನಗೂ ಅವರು ಅಕ್ಕೋರೇ. ಇಡೀ ನೌಕರಿಯಲ್ಲಿ ಒಬ್ಬ ಹುಡುಗಿಗೂ ಕೆಟ್ಟ ಮಾತಾಡಿದವರಲ್ಲ. ಸಿಟ್ಟು ನೆತ್ತಿಗೇರಿದರೆ "ಭಾಳ ಶಾಣ್ಯಾಕಿ ಇದ್ದಿ" ಎನ್ನುತ್ತಿದ್ದರು, ಬಹಳ ಜಾಣೆ ನೀನು ಎಂದು; ಅಷ್ಟೇ. ಅದನ್ನು ಕೇಳಿಸಿಕೊಂಡವರು ಬೆತ್ತದ ಏಟು ತಿಂದವರಿಗಿಂತ ಹೆಚ್ಚು ನಡುಗುತ್ತಿದ್ದರಂತೆ.

ಇಂಥವರು ನಿವೃತ್ತಿಯ ಮೇಲೆ ಕೈಗೆತ್ತಿಕೊಂಡ ಕೆಲಸ ಬೈಗುಳ ಕೂಡಿಸುವುದು.

"ಹಾಡು ಕೂಡಸಾಕ ಭಾಳ ಮಂದಿ ಅದಾರ, ತಂಗಿ" ಎಂದು ಒಮ್ಮೆ ಹೇಳಿದ್ದರು. "ಗಾದಿಮಾತು ಕೂಡಸಾಕೂ ಅದಾರ. ಹೆಣ್ಣಮಕ್ಕಳು ಬೈಯೂದನ್ನ ಮಾತ್ರ ಯಾರೂ ಬರಕೊಂಡಿಲ್ಲ. ಒಂದೊಂದು ಬೈಗಳದಾಗ ಒಂದೊಂದು ಸಂಸಾರ ಇರ್ತೈತಿ."

ಅದಕ್ಕೊಂದು ಕಟ್ಟುನಿಟ್ಟೂ ಇತ್ತು. ಜಾತಿ ಎತ್ತಿದ್ದು, ಅಂಗ ಊನದ ಮೇಲೆ ಆಡಿದ್ದು ಅವರಿಗೆ ಬೇಡ. "ಅದು ಬೈಗಳ ಅಲ್ಲ, ಹೇಡಿತನ" ಅನ್ನುವರು. ಬೈದವಳ ಬುದ್ಧಿ ಕಾಣಬೇಕು. 'ನಿನ್ನ ರೊಟ್ಟಿ ಹಂಚಿಗೆ ಹತ್ತಲಿ' ಎಂಬುದನ್ನು ಹುಬ್ಬಳ್ಳಿಯ ಬೆಂಗೇರಿಯ ಸಂತೆಯಲ್ಲಿ ಕೇಳಿ ಬಂದ ದಿನ ಅವರು ಮನೆಯಲ್ಲಿ ಬೆಲ್ಲ, ರವೆಯ ಸಜ್ಜಕ ಮಾಡಿ ನನಗೂ ಕೊಟ್ಟಿದ್ದರು.

ಬೈಗುಳಕ್ಕಾಗಿ ಬಸ್ಸು ಹತ್ತಿ ಹೆಬ್ಬಳ್ಳಿಗೆ, ಉಪ್ಪಿನಬೆಟಗೇರಿಗೆ ಹೋಗಿ ನಳದ ಕಟ್ಟೆಯ ಹತ್ತಿರ ಕೊಡೆ ಊರಿ ಕುಳಿತುಕೊಳ್ಳುವರು. ತೊಂದರೆ ಏನೆಂದರೆ, ಅವರನ್ನು ಕಂಡೊಡನೆ ಜಗಳ ನಿಂತುಹೋಗುತ್ತಿತ್ತು. ಹೆಬ್ಬಳ್ಳಿಯಲ್ಲಿ ಕೊಡಪಾನ ಎತ್ತಿ ಹೊಡೆದಾಡಲಿದ್ದ ಇಬ್ಬರು ಹೆಂಗಸರು "ಅಕ್ಕೋರು ಬಂದ್ರು" ಎಂದು ಸೆರಗು ಸರಿಮಾಡಿಕೊಂಡು, ಇಬ್ಬರೂ ಕೂಡಿ ಅವರಿಗೆ ಚಹಾ ಮಾಡಿಕೊಟ್ಟಿದ್ದರು. ಸಂಜೆ ಅಕ್ಕೋರು ಬಹಳ ಬೇಸರದಿಂದ ಮನೆಗೆ ಬಂದರು.

ಇದನ್ನೆಲ್ಲ ಬರೆದಿಡಲು ಹುಬ್ಬಳ್ಳಿಯಿಂದ ಒಂದು ಹಳೆಯ ಲ್ಯಾಪ್‌ಟಾಪ್ ತಂದಿದ್ದರು, ಯಾರೋ ಬಳಸಿ ಬಿಟ್ಟದ್ದು. ಮಡಿಲಲ್ಲಿ ಇಟ್ಟುಕೊಂಡರೆ ಕಾಲು ಜೋಮು ಹಿಡಿಯುವಷ್ಟು ಭಾರ. ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿತ್ತು; ವಾಯರ್ ಚುಚ್ಚಿದ್ದರೆ ಮಾತ್ರ ಉಸಿರಾಡುತ್ತಿತ್ತು. ಕರೆಂಟು ಹೋಗಿ ಹೋಗಿ ಅರ್ಧ ಬೈಗುಳ ಅಲ್ಲಿಗೇ ನಿಲ್ಲುವುದು ದಿನದ ಮಾತಾಗಿತ್ತು.

ಪುಸ್ತಕ ಮುಗಿಯುವ ಹೊತ್ತಿಗೆ ಹುಬ್ಬಳ್ಳಿಯ ಪ್ರೆಸ್ಸಿನವರು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಬರಲು ಹೇಳಿದರು. ಅಕ್ಕೋರು ಕೊಂಡು ತಂದರು, ಚುಚ್ಚಿದರು. ಲ್ಯಾಪ್‌ಟಾಪ್ ಅದನ್ನು ಗುರುತೇ ಹಿಡಿಯಲಿಲ್ಲ. ಇಬ್ಬರೂ ಬೆಂಗೇರಿಯ ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯವನು ಮಶೀನನ್ನು ತಿರುವಿ ನೋಡಿದ.

"ಇದರಾಗಿನ ಆಪರೇಟಿಂಗ್ ಸಿಸ್ಟಮ್ ಭಾಳ ಹಳೇದೈತ್ರಿ ಅಕ್ಕೋರ. ಪೆನ್ ಡ್ರೈವ್ ಹುಟ್ಟೂಕಿಂತ ಮೊದಲಿಂದು. ಹೊಸಾದು ಹಾಕಬೇಕು. ಇಲ್ಲೇ ಬಿಟ್ಟ ಹೋಗ್ರಿ, ನಾಳಿ ಕೊಡ್ತೇನಿ."

"ಬಿಡಾಕ ಆಗೂದಿಲ್ಲಪ. ಅದರಾಗ ನನ್ನ ಬೈಗಳಾ ಅದಾವ."

ಅವನಿಗೆ ತಿಳಿಯಲಿಲ್ಲ. ಸಿ.ಡಿ. ಕೊಟ್ಟು, ಹಾಕುವುದು ಹೇಗೆಂದು ಹೇಳಿಕೊಟ್ಟ. "ತಿಳೀಲಿಲ್ಲಪ, ಇನ್ನೊಮ್ಮೆ ಹೇಳು" ಎಂದು ಅಕ್ಕೋರು ಮೂರು ಸಲ ಹೇಳಿಸಿಕೊಂಡರು. ಬಾಗಿಲವರೆಗೂ ಬಂದು ಒಂದು ಮಾತು ಸೇರಿಸಿದ: "ಬ್ಯಾಟರಿ ಇಲ್ಲ ನೋಡ್ರಿ. ಹಾಕೂವಾಗ ನಡುವ ಕರೆಂಟ್ ಹೋತಂದ್ರ ಒಳಗಿಂದೆಲ್ಲಾ ಹೋತಂತ ತಿಳೀರಿ."

ದಾರಿಯಲ್ಲಿ ನಾನು ಕೇಳಿದೆ, "ಇನ್ನೊಂದು ಪ್ರತಿ ಎಲ್ಲಾದರೂ ಇದೆಯಾ ಅಕ್ಕೋರೆ? ಬರೆದುಕೊಂಡ ಚೀಟಿಗಳು?"

"ಬಚ್ಚಲ ಒಲಿಗೆ ಹಾಕಿದೆ."

"ಎಲ್ಲಾನೂ?"

"ನಾಳೆ ನಾ ಸತ್ತ ಮ್ಯಾಲ ನಮ್ಮ ತಮ್ಮನ ಕೈಗೆ ಸಿಕ್ಕರ ಏನು ತಿಳಕೊಂಡಾನು? ಅಕ್ಕ ಇವನ್ನೆಲ್ಲಾ ಯಾರಿಗೆ ಬೈಯಾಕ ಇಟ್ಟಿದ್ಲು ಅಂತ ಚಿಂತಿ ಮಾಡ್ಯಾನು."

ಬೇಸಿಗೆ ಅದು. ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂಬುದು ಕರೆಂಟಿನವರಿಗೂ ಗೊತ್ತಿರದ ಕಾಲ. ಸಿ.ಡಿ. ದೇವರ ಗೂಡಿನಲ್ಲೇ ಕುಳಿತುಕೊಂಡಿತು. ಹೀಗಿರುವಾಗ ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗಳ ಲಗ್ನಪತ್ರಿಕೆ ಹಿಡಿದು ಬಂದಳು. ಉಪ್ಪಿನಬೆಟಗೇರಿಗೆ ಕೊಟ್ಟ ಹೆಣ್ಣು ಅವಳು; ಮಗಳ ಲಗ್ನ ಧಾರವಾಡದ ಕಲ್ಯಾಣಮಂಟಪದಲ್ಲಿ. ಅಕ್ಕೋರು ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡು, ವರ ಯಾರು, ಏನು ಓದಿದ್ದಾನೆ ಎಂದು ಏನೂ ಕೇಳದೆ, "ಜನರೇಟರ್ ಐತೇನ?" ಎಂದರು.

"ಐತ್ರಿ ಅಕ್ಕೋರ. ದೊಡ್ಡದೈತಿ."

"ಹಂಗಾದ್ರ ಬರ್ತೇನಿ. ಲಗೂನ ಬರ್ತೇನಿ."

ಲಗ್ನದ ದಿನ ರೇಶ್ಮೆ ಸೀರೆ ಉಟ್ಟು, ಒಂದು ಕೈಯಲ್ಲಿ ಉಡುಗೊರೆಯ ಆಹೇರಿ ಪೊಟ್ಟಣ, ಇನ್ನೊಂದರಲ್ಲಿ ಲ್ಯಾಪ್‌ಟಾಪಿನ ಚೀಲ ಹಿಡಿದು ಹೊರಟರು. ಮಂಟಪ ತಲುಪಿದವರೇ ಹಿತ್ತಲಿಗೆ ಹೋಗಿ ಜನರೇಟರಿನವನನ್ನು ಹಿಡಿದರು. ಕರೆಂಟ್ ಹೋದಾಗ ಚಾಲೂ ಮಾಡುವುದಲ್ಲ, ಈಗಿಂದಲೇ ಮಾಡಬೇಕು, ನಡುವೆ ಒಂದು ಕ್ಷಣವೂ ನಿಲ್ಲಬಾರದು ಎಂದರು.

"ಕರೆಂಟ್ ಇದ್ದಾಗ ಡೀಸಲ್ ಯಾಕ್ರಿ ಸುಡಬೇಕು?" ಎಂದ ಆ ಮೀಸೆಯ ಗಂಡಸು.

ಅಕ್ಕೋರು ಕನ್ನಡಕ ಕೆಳಗಿಳಿಸಿ ಅವನನ್ನು ನೋಡಿದರು. "ಭಾಳ ಶಾಣ್ಯಾ ಇದ್ದಿ ನೀ."

ಜನರೇಟರ್ ಗುಡುಗತೊಡಗಿತು. ಒಳಗೆ ಸನಾದಿ ಊದುತ್ತಿದ್ದವನ ಗಲ್ಲ ಉಬ್ಬುವುದು ಕಾಣುತ್ತಿತ್ತೇ ಹೊರತು ಸ್ವರ ಕೇಳುತ್ತಿರಲಿಲ್ಲ.

ಹೆಂಗಸರು ಸಿಂಗಾರವಾಗುವ ಕೋಣೆಯಲ್ಲಿ ಸೀರೆಯ ಟ್ರಂಕಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಸಿ.ಡಿ. ಹಾಕಿದೆವು. ನೀಲಿ ಪರದೆ ಬಂತು, ಹಸಿರು ಪಟ್ಟಿ ತೆವಳತೊಡಗಿತು. ಇಷ್ಟು ನಿಮಿಷ ಬಾಕಿ ಎಂದು ಅದು ಹೇಳಿದ್ದು ಹೇಳಿದಂತೆಯೇ ನಿಂತುಬಿಟ್ಟಿತು. ಹೂವು ಮುಡಿಯಲು ಬಂದವರು, ಪಿನ್ನು ಹುಡುಕಲು ಬಂದವರು ಅಲ್ಲೇ ಕುಳಿತರು. ಮದುಮಗಳ ಅಜ್ಜಿ, ಅಂದರೆ ಆ ಹಳೆಯ ವಿದ್ಯಾರ್ಥಿನಿಯ ಅತ್ತೆ, ಉಪ್ಪಿನಬೆಟಗೇರಿಯ ಮುದುಕಿ, ಹಾಲು ಉಕ್ಕುವುದನ್ನು ಕಾಯುವವರ ಹಾಗೆ ಪರದೆಯ ಮುಂದೆ ಕೂತು ಕಣ್ಣು ಕೀಳಲಿಲ್ಲ.

"ಏನ ಮಾಡಾಕತ್ತೈತ್ರಿ ಇದು?" ಎಂದು ಕೇಳಿದರು.

"ಹಳೇ ಬುದ್ಧಿ ಬಿಟ್ಟು ಹೊಸಾದು ಕಲಿಯಾಕತ್ತೈತಿ" ಎಂದರು ಅಕ್ಕೋರು.

"ಹಂಗಾದ್ರ ಹೊತ್ತಾಗ್ತೈತಿ ತಗೋರಿ."

ನಿಜಕ್ಕೂ ಹೊತ್ತಾಯಿತು. ನಡುವೆ ಊರಿನ ಕರೆಂಟು ಹೋಗಿ ಬಂತು; ನಮಗೆ ಅದು ತಿಳಿದದ್ದು ಎದುರಿನ ಅಂಗಡಿಯ ಫ್ಯಾನು ನಿಂತದ್ದರಿಂದ. ಮುಹೂರ್ತಕ್ಕೆ ಎಲ್ಲರ ಕೈಗೂ ಅಕ್ಕಿಕಾಳು ಬಂತು. ಹೊರಗೆ ತಾಳಿ ಕಟ್ಟುವ ಹೊತ್ತಿಗೇ ಒಳಗೆ ಹೊಸ ಪರದೆ ಬೆಳಗಿತು. ಅಜ್ಜಿ ಬಾಗಿಲಿನಿಂದಲೇ ಅರ್ಧ ಕಾಳು ಮೊಮ್ಮಗಳ ಕಡೆ ಎಸೆದು, ಉಳಿದರ್ಧ ಲ್ಯಾಪ್‌ಟಾಪಿಗೆ ಹಾಕಿದರು.

ಅಕ್ಕೋರು ನಗುತ್ತ ತಮ್ಮ ಫೈಲು ತೆರೆದರು. ನಗು ಅಲ್ಲೇ ಆರಿತು.

ಪುಟದ ತುಂಬ ಇಂಗ್ಲಿಷ್ ಅಕ್ಷರ, ಕೊಕ್ಕೆ, ಪ್ರಶ್ನೆಚಿಹ್ನೆ. ಒಂದೇ ಒಂದು ಕನ್ನಡ ಅಕ್ಷರವಿಲ್ಲ. ಅಕ್ಕೋರು ಎರಡನೆಯ ಕನ್ನಡಕವನ್ನೂ ಮೂಗಿಗೆ ಇಳಿಸಿ ನೋಡಿದರು. ಮುಂದಿನ ಪುಟವೂ ಹಾಗೆಯೇ, ಅದರ ಮುಂದಿನದೂ ಹಾಗೆಯೇ. ನಾಲ್ಕಾರು ವರ್ಷ ಬಿಸಿಲಲ್ಲಿ ಕೊಡೆ ಹಿಡಿದು ತಿರುಗಿದ್ದೆಲ್ಲ ಕಣ್ಣೆದುರೇ ಹೀಗಾಗಿತ್ತು.

ಆಮೇಲೆ ಅವರು ಹಾಜರಿ ಕರೆಯುವ ಧ್ವನಿಯಲ್ಲಿ, ಒಂದೊಂದೇ ಅಕ್ಷರ ಬಿಡಿಸಿ, "ಇದರ ಬಾಯಾಗ ಹುಳಾ ಬೀಳಲಿ" ಎಂದರು.

ಅಜ್ಜಿ ತಲೆ ಅಲ್ಲಾಡಿಸಿದರು.

"ಹಂಗ ಪಾಠ ಓದಿದಂಗ ಅಂದ್ರ ನಾಟೂದಿಲ್ರಿ ಅಕ್ಕೋರ. ಹೊಟ್ಟ್ಯಾಗಿಂದ ಬರಬೇಕು. ಮತ್ತ ಇದಕ್ಕ ಬಾಯಿ ಎಲ್ಲೈತಿ? ಇದಕ್ಕ ಬ್ಯಾರೇನ ಬೈಬೇಕು." ಹೀಗೆಂದು, ಬಳೆ ಹಿಂದೆ ಸರಿಸಿ, ಯಂತ್ರಕ್ಕೆ ತಕ್ಕ ಎರಡು ಬೈದು ತೋರಿಸಿದರು.

ಅಕ್ಕೋರ ಕೈ ತಾನಾಗಿಯೇ ತುರುಬಿಗೆ ಹೋಗಿ ಪೆನ್ನು ತೆಗೆಯಿತು. ಬರೆದುಕೊಳ್ಳಲು ಲಗ್ನಪತ್ರಿಕೆಯ ಬೆನ್ನು ಸಿಕ್ಕಿತು. "ಇನ್ನೊಮ್ಮೆ ಹೇಳ್ರಿ" ಎಂದರು. ಅಜ್ಜಿ ಇನ್ನೊಮ್ಮೆ ಹೇಳಿದರು. ಮೂಲೆಯಲ್ಲಿ ಜಡೆ ಹೆಣೆಯುತ್ತಿದ್ದ ಹೆಂಗಸೊಬ್ಬರು ತಮ್ಮೂರಿನದೊಂದು ಹೇಳಿದರು. ಕುಂಕುಮದ ತಟ್ಟೆ ಹಿಡಿದವರು ಮತ್ತೊಂದು. 'ನೀ ಹ್ವಾದ ಮದಿವ್ಯಾಗ ಊಟ ಮುಗದಿರಲಿ' ಎಂಬುದು ಸಿಕ್ಕಿದ್ದು ಆಗಲೇ.

ಅಷ್ಟರಲ್ಲಿ ಮದುಮಗಳ ತಾಯಿ, ಅಕ್ಕೋರ ಹಳೆಯ ವಿದ್ಯಾರ್ಥಿನಿ, ಹಿರಿಯರನ್ನು ಕರೆಯಲು ಒಳಗೆ ಬಂದು ಬಾಗಿಲಲ್ಲೇ ನಿಂತಳು.

"ಲಗ್ನದ ಮನ್ಯಾಗ ಇವೇನ ಮಾತ್ರಿ, ಅಕ್ಕೋರ?"

"ನಾ ಅಲ್ಲವಾ. ನಿಮ್ಮ ಅತ್ತಿಯವರು ಹೇಳಾಕತ್ತಾರ. ನಾ ಬರಕೋತೇನಿ, ಅಷ್ಟ."

ಆಕೆ ಅತ್ತೆಯನ್ನು ನೋಡಿದಳು, ಅಕ್ಕೋರನ್ನು ನೋಡಿದಳು. ಬಾಗಿಲು ಮುಚ್ಚಿ ಕುಳಿತು, "ನನ್ನ ಹಂತ್ಯಾಕೂ ಒಂದೈತ್ರಿ" ಎಂದಳು. "ನಿನ್ನ ಕೀಲಿಕೈ ಗೊಂಚಲ ನಿನ್ನ ಸೊಸಿಯ ನಡಕ್ಕ ಬರಲಿ, ನೀ ಬೆಲ್ಲಕ್ಕ ಆಕೀನ ಕೇಳೂವಂಗಾಗಲಿ."

ಅಜ್ಜಿ ಸೊಸೆಯ ಸೊಂಟದಲ್ಲಿದ್ದ ಕೀಲಿಕೈಗಳನ್ನು ಒಂದು ಗಳಿಗೆ ನೋಡಿದರು.

"ಇದು ನನಗ ಅಂದಿದ್ದಲ್ಲ?"

"ಹೌದ್ರಿ ಅತ್ತಿ. ಮನಸಿನ್ಯಾಗ ಅಂದಿದ್ದೆ."

"ಛಲೋ ಐತಿ. ಬರಕೋರಿ ಅಕ್ಕೋರ" ಎಂದರು ಅಜ್ಜಿ, ಮತ್ತು ಎಲ್ಲರಿಗಿಂತ ಮೊದಲು ನಕ್ಕವರೂ ಅವರೇ. ಹೊರಗೆ ಬೀಗರು ಊಟಕ್ಕೆ ಕಾಯುತ್ತಿದ್ದರು. ಒಳಗಿನವರು ಕಣ್ಣೊರೆಸಿಕೊಳ್ಳುತ್ತ ಹೊರಬಂದದ್ದನ್ನು ಕಂಡು, ಮಗಳನ್ನು ಕಳಿಸಿಕೊಡುವ ದುಃಖ ಎಂದು ಅವರು ತಿಳಿದಿರಬೇಕು.

ಮರುದಿನ ನಾನು ಬೆಂಗೇರಿಯ ಅಂಗಡಿಗೆ ಫೋನು ಮಾಡಿದೆ. ಏನೂ ಹಾಳಾಗಿರಲಿಲ್ಲ. ಹೊಸ ಸಿಸ್ಟಮಿಗೆ ಅಕ್ಕೋರ ಹಳೆಯ ಕನ್ನಡ ಅಕ್ಷರಗಳ ಪರಿಚಯ ಇರಲಿಲ್ಲ, ಅಷ್ಟೇ. ಆ ಫಾಂಟನ್ನು ಮತ್ತೆ ಹಾಕಬೇಕಿತ್ತು. ಇಬ್ಬರೂ ಹೋಗಿ ಹಾಕಿಸಿಕೊಂಡೆವು. ಅಂಗಡಿಯ ಮೇಜಿನ ಮೇಲೆ ಕನ್ನಡ ಒಮ್ಮೆಲೇ ಎದ್ದು ನಿಂತಿತು. ಅಂಗಡಿಯವನು ಮೊದಲ ಸಾಲು ಜೋರಾಗಿ ಓದಿ, ಗಾಬರಿಯಾಗಿ ಅಕ್ಕೋರ ಮುಖ ನೋಡಿದ. ಅಕ್ಕೋರು ಅವನಿಗೆ ಒಂದು ಉಚ್ಚಾರ ತಿದ್ದಿ ಹೇಳಿದರು.

ಪುಸ್ತಕಕ್ಕೆ 'ಲಗ್ನದ ಮನಿ' ಎಂಬ ಒಂದು ಅಧ್ಯಾಯ ಹೆಚ್ಚಾಯಿತು. ಬಿಡುಗಡೆ ಮಾಡಿರೆಂದು ನಾವು ಕೇಳಿಕೊಂಡ ದೊಡ್ಡವರೆಲ್ಲ ಪುಸ್ತಕದ ಹೆಸರು ಕೇಳಿ ಹಿಂದೆ ಸರಿದರು. ಅಕ್ಕೋರು ಬೇಸರ ಮಾಡಿಕೊಳ್ಳದೆ ಪ್ರತಿಗಳನ್ನು ಚೀಲದಲ್ಲಿ ತುಂಬಿಕೊಂಡು, ಬೈಗುಳ ಕೊಟ್ಟವರ ಮನೆಮನೆಗೆ ಹೋಗಿ ಹಂಚಿ ಬಂದರು. ಓದಲು ಬಾರದವರಿಗೆ ಅವರವರದನ್ನು ಓದಿ ಹೇಳಿದರು.

ಅದಾಗಿ ಕೆಲವು ವರ್ಷಕ್ಕೆ, ಒಂದು ಚಳಿಗಾಲದ ಬೆಳಗ್ಗೆ, ಚಹಾ ಕುಡಿದು ಅಂಗಳದ ಬಿಸಿಲಿಗೆ ಕುಳಿತಿದ್ದವರು ಹಾಗೆಯೇ ಹೋಗಿಬಿಟ್ಟರು. ನಾನು ಆಗಲೇ ತುಮಕೂರಿಗೆ ವರ್ಗವಾಗಿ ಬಂದಿದ್ದೆ. ಸುದ್ದಿ ತಿಳಿದು ಬಸ್ಸು ಹತ್ತಿ ಹೋದಾಗ ಎಲ್ಲ ಮುಗಿದಿತ್ತು. ಓಣಿಯವರು ಅವರ ಬಗ್ಗೆ ಬಹಳ ಒಳ್ಳೆಯ ಮಾತಾಡಿದರು. ನಾನು ಮಹಡಿಯ ಮೆಟ್ಟಿಲ ಮೇಲೆ ಕುಳಿತಿದ್ದೆ.

ಅವರಿಂದ ನಾನು ಕಲಿತದ್ದು ಕನ್ನಡ ಎಂದು ಹಲವರು ತಿಳಿದಿದ್ದಾರೆ. ಅದೂ ಹೌದು. ಆದರೆ ಅರವತ್ತು ದಾಟಿದ ಹೆಂಗಸೊಬ್ಬರು ಅಂಗಡಿಯವನ ಮುಂದೆ, ಹಳ್ಳಿಯ ಮುದುಕಿಯ ಮುಂದೆ, ನನ್ನ ಮುಂದೆ, ತಿಳಿಯದ್ದನ್ನು ತಿಳಿಯಲಿಲ್ಲ ಎಂದು ಹೇಳಿ, ನಾಚಿಕೆಯಿಲ್ಲದೆ ಮತ್ತೆ ಕೇಳುತ್ತಿದ್ದುದನ್ನು ನಾನು ವರ್ಷಗಟ್ಟಲೆ ಪಕ್ಕದಲ್ಲಿ ಕುಳಿತು ನೋಡಿದೆ. ಹೋದ ವರ್ಷ, ಮಂಡಿ ನೋವಿಗೆಂದು, ಈ ವಯಸ್ಸಿನಲ್ಲಿ ಈಜು ಕಲಿಯಲು ಸೇರಿದೆ. ಮೊದಲ ದಿನ, ನನ್ನ ಅರ್ಧ ವಯಸ್ಸಿನ ತರಬೇತುದಾರಳು ಉಸಿರು ಬಿಡುವ ರೀತಿಯನ್ನು ಹೇಳಿ, "ಎಲ್ಲರಿಗೂ ಗೊತ್ತಾಯ್ತಾ?" ಎಂದಳು. ಎಲ್ಲರೂ ತಲೆಯಾಡಿಸಿದರು.

"ನನಗೆ ಗೊತ್ತಾಗಲಿಲ್ಲಮ್ಮ" ಎಂದೆ.

ಅವಳು ಮತ್ತೆ ಹೇಳತೊಡಗಿದಳು. ತಲೆಯಾಡಿಸಿದ್ದ ಹೆಂಗಸರೆಲ್ಲ ನೀರಿನಲ್ಲಿ ಮೆಲ್ಲಗೆ ಸರಿದು ಹತ್ತಿರ ಬಂದರು.