ಅವ್ವನಿಗೆ ಹೇಳದೆ ಉಳಿದ ‘ಬರ್ತೇನಿ’

ಕೊಳಕೂರಿನ ಶಿವಕಾಂತಾಳ ಬದುಕನ್ನು ಅವಳದೇ ಮಾತಿನಲ್ಲಿ ದಾಖಲಿಸಲು ಹೊರಟವರು ನೆರೆಮನೆಯ ಜಯಮಾಲಾಳಿಂದ ನಂಬರು ಪಡೆದು ಫೋನ್ ಮಾಡಿದರು. ಒಂದೇ ರಿಂಗಿಗೆ ಎತ್ತಿದ ಶಿವಕಾಂತಾ, ಯಾರು, ಏಕೆ ಎಂದು ಕೇಳುವ ಮೊದಲೇ “ಬರ್ತೇನ್ರಿ” ಅಂದುಬಿಟ್ಟಳು. ಡ್ಯೂಟಿಗಲ್ಲ, ಮಾತಾಡಲು ಎಂದು ಬಿಡಿಸಿ ಹೇಳಬೇಕಾಯಿತು. ಬಳಿಕ, ಮನೆಗೇ ಬರಬೇಕೆಂದೂ ನಡುವೆ ಆಸ್ಪತ್ರೆಯಿಂದ ಫೋನ್ ಬಂದರೆ ಎದ್ದು ಹೋಗುವೆನೆಂದೂ ಹೇಳಿ ಒಪ್ಪಿದಳು.

ತಾಲ್ಲೂಕಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಅವಳು ಆಯಾ. ಆದರೆ ನೇಮಕವೆಂದರೆ ಗುತ್ತಿಗೆದಾರನ ಸೂಪರ್‌ವೈಸರ್ ಮಸೂದನ ಫೋನು, ಅಷ್ಟೇ. ಅವನು ಕರೆದ ದಿನ ಕೆಲಸ, ಕರೆಯದ ದಿನ ಇಲ್ಲ. ಒಮ್ಮೆ ಬರಲಾರೆ ಎಂದವರನ್ನು ಅವನು ಮತ್ತೆ ಕರೆಯುತ್ತಿರಲಿಲ್ಲ. ಹಾಗಾಗಿ ರೊಟ್ಟಿ ಬಡಿಯುವಾಗಲೂ ಹೊಲದಲ್ಲಿ ಕಳೆ ತೆಗೆಯುವಾಗಲೂ ಫೋನು ಅವಳ ಕುಪ್ಪಸದೊಳಗೇ ಇರುತ್ತಿತ್ತು.

ಒಂದು ವರ್ಷ ಶ್ರಾವಣದಲ್ಲಿ ತಾಯಿ ಬಾಳಮ್ಮ ಹಾಸಿಗೆ ಹಿಡಿದಳು. ಇಂದೋ ನಾಳೆಯೋ ಎನ್ನುವಂತಿತ್ತು. ಕೊನೆಯ ಗುಟುಕು ನೀರನ್ನು ಮಗಳೇ ಹಾಕಬೇಕೆಂಬುದು ಅವಳ ಆಸೆ. ಶಿವಕಾಂತಾ ಮಾತು ಕೊಟ್ಟಿದ್ದಳು. ಸೋಮವಾರ ಬೆಳಿಗ್ಗೆ ಗಂಜಿ ಕುಡಿಸುತ್ತಿರುವಾಗ ಫೋನ್ ಬಂತು. “ಬರ್ತೇನ್ರಿ” ಅಂದಳು. ಜಯಮಾಲಾಳನ್ನು ಕರೆದು ಕೂರಿಸಿ, ಸೆರಗು ಸಿಕ್ಕಿಸಿಕೊಳ್ಳುತ್ತ ಹೊಸ್ತಿಲಲ್ಲಿ ತಿರುಗಿ, “ಹೋಗ್ತೇನವ್ವ” ಎಂದಳು. ಮನೆ ಬಿಡುವಾಗ ಯಾರೂ ಆಡಬಾರದ ಮಾತು ಅದು.

ಬಾಳಮ್ಮ ಕಣ್ಣು ತೆರೆದಳು.

“ಆ ಮಸೂದಗ ಬರ್ತೇನಿ ಅಂತಿ, ನನಗ ಹೋಗ್ತೇನಿ ಅಂತಿಯೇನ್ಬೇ?”

ನಗುತ್ತಲೇ ಕೇಳಿದ್ದಳು. ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಶಿವಕಾಂತಾ ಮಾತು ತಿದ್ದಲು ನಿಲ್ಲಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲೇ ಮಸೂದ ತಡೆದ. ರಜೆಯಲ್ಲಿದ್ದ ಕಾಯಂ ಆಯಾ ಬಂದುಬಿಟ್ಟಿದ್ದಳಂತೆ.

“ಇವತ್ತ ಬ್ಯಾಡವಾ, ಹೊಳ್ಳಿ ಹೋಗು. ಬೇಕಾದ್ರ ಫೋನ್ ಮಾಡ್ತೇನಿ.”

ಅವ್ವ ಸಾಯುವ ಹಾಗಿದ್ದಾಳೆ ಎಂದು ಹೇಳಲೂ ಅವಳಿಗೆ ಧೈರ್ಯ ಬರಲಿಲ್ಲ. ಹೇಳಿದರೆ ನಾಳೆಯಿಂದ ಕರೆಯುವುದನ್ನೇ ಬಿಟ್ಟಾನು.

ಊರಿಗೆ ಬಂದಿಳಿದಾಗ ಮನೆಯ ಮುಂದೆ ಜನ ನೆರೆದಿದ್ದರು. ನೀರನ್ನು ಜಯಮಾಲಾ ಹಾಕಿದ್ದಳು. ಬಾಳಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದಿದ್ದರು. ಶಿವಕಾಂತಾ ಎದುರು ಕುಳಿತು, “ಬಂದೇನವ್ವ, ಬಂದೇನಿ” ಎನ್ನುತ್ತಲೇ ಇದ್ದಳು. ಮಣ್ಣು ಮಾಡಲು ಎತ್ತುವ ತನಕ ಅದೊಂದೇ ಮಾತು.

ತಾನು ಹುಟ್ಟಿದ ದಿನವೇ ಗೊತ್ತಿಲ್ಲದ ಅವಳು, ದಾಖಲಿಸಲು ಬಂದವರಿಗೆ, ಈ ಒಂದು ದಿನವನ್ನು ಮಾತ್ರ ಸರಿಯಾಗಿ ಬರೆದುಕೊಳ್ಳಿ ಎಂದಳು. ಬಾಳಮ್ಮನ ಮರಣ: ೨೦೨೩ರ ಆಗಸ್ಟ್ ೨೮, ಸೋಮವಾರ. ಅಂದು ಶಿವಕಾಂತಾಳಿಗೆ ಡ್ಯೂಟಿ ಇರಲಿಲ್ಲ.