ಬಾರದೆ ಉಳಿದ ಹನ್ನೊಂದು ಫೋಟೊ

ಮೇಷ್ಟ್ರ ಎಡಗಿವಿಯ ಅಂಚಿನಲ್ಲಿ ಯಾವಾಗಲೂ ಒಂದೆರಡು ಎಳೆ ತೆಂಗಿನ ನಾರು ಅಂಟಿಕೊಂಡಿರುತ್ತಿದ್ದವು. ಅಟ್ಟದಲ್ಲಿ ಒಣಗಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಗಡಗಡ ಅಂದರೆ ಮಾತ್ರ ಒಡೆಯಲು ಕೊಡುತ್ತಿದ್ದರು. ಬಿಳಿಗೆರೆಯ ತೋಟ ಬಿಟ್ಟರೆ ಅವರ ಇನ್ನೊಂದು ಹುಚ್ಚು ಕಂಪ್ಯೂಟರ್. ಲೆಕ್ಕದ ಮೇಷ್ಟ್ರಾಗಿ ನಿವೃತ್ತರಾದ ಮೇಲೆ ಪ್ರೋಗ್ರಾಂ ಬರೆಯುವುದನ್ನು ತಾವೇ ಕಲಿತು, ತಿಪಟೂರಿನ ನನ್ನ ಸ್ಟುಡಿಯೋಗೆ ಬಂದು ನನಗೂ ಕಲಿಸಿದರು. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕಾಯಿ ಸುಲಿದ ದುಡಿಮೆಯಲ್ಲಿ ಕ್ಯಾಮೆರಾ ಕೊಂಡವನು. “ನಂಗಿದೆಲ್ಲ ಹತ್ತಲ್ಲ ಸಾ” ಅಂದರೆ, “ಕಾಯಿ ಸುಲಿಯಕ್ಕೆ ಸರ್ಟಿಫಿಕೇಟ್ ತಗಂಡಿದ್ಯೇನ್ಲಾ?” ಅನ್ನುತ್ತಿದ್ದರು.

ಮೆಮೊರಿ ಕಾರ್ಡಿನಿಂದ ಫೋಟೊಗಳನ್ನು ಕಂಪ್ಯೂಟರಿಗೆ ಕಾಪಿ ಮಾಡುವ ಪ್ರೋಗ್ರಾಂ ನಾನು ಬರೆದದ್ದರಲ್ಲಿ ಮೊದಲನೆಯದು. ಒಂದು ಫೈಲ್ ತೊಡಕಿದರೆ ಇಡೀ ಕೆಲಸ ನಿಂತುಬಿಡುತ್ತಿತ್ತು. ಉಪಾಯ ಮಾಡಿ, ತಪ್ಪು ಬಂದರೆ ಸುಮ್ಮನೆ ದಾಟಿಕೊಂಡು ಹೋಗು ಎಂದು ಬರೆದೆ. ಕೊನೆಗೆ ಪರದೆಯ ಮೇಲೆ ‘ಎಲ್ಲ ಆಯ್ತು’ ಅಂತ ಬರುತ್ತಿತ್ತು. ಹಾಲ್ಕುರಿಕೆಯ ಒಂದು ಮದುವೆಯ ಫೋಟೊಗಳನ್ನು ಹಾಗೇ ಕಾಪಿ ಮಾಡಿ, ಕಾರ್ಡನ್ನು ಅಳಿಸಲು ಹೊರಟಿದ್ದೆ. ಆಲ್ಬಮ್ಮಿಗೆ ಆರಿಸಲು ಬಂದಿದ್ದ ಹುಡುಗಿಯ ತಂದೆ ಪರದೆ ನೋಡುತ್ತ ಕೇಳಿದರು:

“ಧಾರೆದು ಎಲ್ಲಪ್ಪ?”

ಹುಡುಕಿದೆ. ಇರಲಿಲ್ಲ.

“ಮಗಳ್ನ ಧಾರೆ ಎರ್ದಿದ್ದೇ ಇಲ್ಲ ಅಂದ್ರೆ ಇನ್ನೇನ್ ಮಡಗಿದ್ದೀಯ, ಊಟದ ಎಲೆನಾ?” ಅಂದರು.

ಬೆಂಚಿನ ಮೇಲಿದ್ದ ಮೇಷ್ಟ್ರು ಎದ್ದು ಬಂದು ನನ್ನ ಪ್ರೋಗ್ರಾಂ ಓದಿದರು. “ಕೊಳ್ತ ಕೊಬ್ರಿನ ಚೀಲದ ತಳಕ್ಕೆ ಹಾಕಿ ಬಾಯಿ ಹೊಲ್ದಿದ್ದೀಯಲ್ಲೋ! ಒಂದ್ ಕೆಟ್ಟಿದ್ದಕ್ಕೆ ರಾಶಿ ಕೆಲ್ಸ ನಿಲ್ಲಿಸ್ಬಾರ್ದು, ಸರಿ. ಆದ್ರೆ ಅದನ್ನ ಬೇರೆ ಮಂಕರಿಗೆ ಹಾಕ್ಬೇಕು ಕಣ್ಲಾ. ಆಮೇಲೆ ತಿರುಗಿ ನೋಡ್ಬೇಕು.” ಕೀಬೋರ್ಡನ್ನು ಮಾತ್ರ ಮುಟ್ಟಲಿಲ್ಲ. “ಕೂತ್ಕ. ನೀನೇ ಬರಿ.”

ಬರೆದೆ. ಬಾರದ ಫೈಲಿನ ಹೆಸರು, ಬಾರದ ಕಾರಣ ಎರಡೂ ಬೇರೆ ಪಟ್ಟಿಗೆ ಹೋಗಲಿ. ಕಂಪ್ಯೂಟರಿನಲ್ಲಿ ಜಾಗ ಮುಗಿದಿದ್ದರೆ ಅಲ್ಲೇ ನಿಲ್ಲಲಿ. ಓದಲು ಆಗದಿದ್ದರೆ ಮುಂದೆ ಹೋಗಿ, ಕೊನೆಗೆ ತಿರುಗಿ ಬಂದು ಇನ್ನೊಮ್ಮೆ ಪ್ರಯತ್ನಿಸಲಿ. ಬಂದ ಪ್ರತಿಯೊಂದನ್ನೂ ಕಾರ್ಡಿನಲ್ಲಿರುವುದರ ಜೊತೆ ಹೋಲಿಸಲಿ.

ಓಡಿಸಿದಾಗ ಪಟ್ಟಿಯಲ್ಲಿ ಹನ್ನೊಂದು ಹೆಸರು ನಿಂತವು. ಕಾರ್ಡ್ ಸಿಕ್ಕಿಸುವ ರೀಡರ್ ಬದಲಿಸಿ ಮತ್ತೆ ಓಡಿಸಿದೆ. ಎರಡು ಉಳಿದವು. ಮೂರನೇ ಸಲಕ್ಕೆ ಪಟ್ಟಿ ಖಾಲಿ! ಆ ತಂದೆ ಪರದೆಗೆ ಮೂಗು ತಾಗುವಷ್ಟು ಬಗ್ಗಿ, “ಅಗಾ ನೋಡ್ರೀ, ಧಾರೆ ನೀರು ಬುಡ್ತಾ ಇದ್ದೀನಿ!” ಎಂದು ಕೂಗಿದರು.

ಈಗ ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಸ್ಟುಡಿಯೋದವರೂ ನನ್ನ ಪ್ರೋಗ್ರಾಂ ಕೇಳಿ ಹಾಕಿಸಿಕೊಂಡಿದ್ದಾರೆ. ಮೇಷ್ಟ್ರು ತೀರಿಕೊಳ್ಳುವ ಹಿಂದಿನ ವರ್ಷ ಕಾಲೇಜಿನ ಕಂಪ್ಯೂಟರ್ ಉಪನ್ಯಾಸಕರೊಬ್ಬರು ಅದನ್ನು ನೋಡಿ, “ಎಷ್ಟು ಚೆನ್ನಾಗಿ ಬರೆದಿದ್ದೀರಿ ಸರ್” ಎಂದು ಮೇಷ್ಟ್ರತ್ತ ಕೈ ಚಾಚಿದರು. ಮೇಷ್ಟ್ರು ತಮ್ಮ ಕೈ ಹಿಂದೆ ಕಟ್ಟಿಕೊಂಡು, ಭುಜದಿಂದ ನನ್ನನ್ನು ಮುಂದಕ್ಕೆ ನೂಕಿದರು.

“ಬರ್ದೋನು ಇವ್ನು ಕಣ್ರೀ. ನಾನು ಬೈದೋನು ಅಷ್ಟೆ.”

ಉಪನ್ಯಾಸಕರು ನನ್ನ ಕೈ ಕುಲುಕಿದರು. ಮೇಷ್ಟ್ರು ಅದನ್ನು ಕಣ್ಣಾರೆ ನೋಡಿ ಹೋದರು.